ಗೋಡೆ ಜಿಲ್ಲೆ, ಕಿಟಕಿ ಜಿಲ್ಲೆ

ಯಲಹಂಕ
14 ಜುಲೈ 2024

ಮಾವನವರಿಗೆ ನಯನಾಳ ನಮಸ್ಕಾರಗಳು.

ಸೊಸೆಯಿಂದ ಪತ್ರ ಬಂದದ್ದು ನೋಡಿ ನಿಮಗೆ ಸೋಜಿಗವಾಗಬಹುದು. ನೀವೂ ಇವರೂ ಮಾತು ಬಿಟ್ಟು ಮೂರು ವರ್ಷವಾಯಿತು. ಈ ಮನೆಯಿಂದ ಫೋನ್ ಬಂದರೆ ನೀವು ಎತ್ತುವುದಿಲ್ಲವೆಂದು ಅತ್ತಿಗೆ ಗಂಗಕ್ಕ ಹೇಳಿದ್ದರು. ಪತ್ರವನ್ನಾದರೆ ಹರಿದುಹಾಕುವ ಮೊದಲು ಒಮ್ಮೆ ಓದುತ್ತೀರಿ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಕೇಳಬೇಕಾದ್ದು ರೈಲಿನ ಕೋಣೆಯ ವಿಷಯ. ನೀವು ನೋಡಿದ್ದ ಮಾದರಿ ರೈಲು ಈಗ ಎರಡರಷ್ಟಾಗಿದೆ. ಮೇಜು ಗೋಡೆಯುದ್ದಕ್ಕೂ ಹೋಗಿ ಕಿಟಕಿಯ ಕಡೆ ತಿರುಗಿದೆ. ಒಂದು ಕಡೆ ಶಾರ್ಟ್ ಆದರೆ ಎಲ್ಲ ರೈಲೂ ನಿಲ್ಲಬಾರದೆಂದು ಇವರು ಹಳಿಯನ್ನು ಎರಡು ಪಾಲು ಮಾಡಿ, ಒಂದೊಂದಕ್ಕೂ ಬೇರೆ ತಂತಿ, ಬೇರೆ ಬ್ರೇಕರ್ ಕೊಟ್ಟಿದ್ದಾರೆ. ಆ ಪಾಲುಗಳನ್ನು ಇವರು ‘ಜಿಲ್ಲೆ’ ಎಂದು ಕರೆಯುತ್ತಾರೆ. ಒಂದು ಗೋಡೆ ಜಿಲ್ಲೆ, ಒಂದು ಕಿಟಕಿ ಜಿಲ್ಲೆ. ಗೋಡೆ ಜಿಲ್ಲೆಯೊಳಗೆ ಎಂಜಿನ್ ಚೆನ್ನಾಗಿ ಓಡುತ್ತದೆ. ಕಿಟಕಿ ಜಿಲ್ಲೆಯೊಳಗೂ ಓಡುತ್ತದೆ. ಒಂದರಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ ಮಾತ್ರ ಟಪ್ ಎಂದು ಎರಡೂ ಕಡೆ ಕರೆಂಟು ಹೋಗುತ್ತದೆ. ಇವರು ಬೆಳಿಗ್ಗೆ ಎದ್ದವರೇ ಕೋಣೆಗೆ ಹೋಗುತ್ತಾರೆ, ಎಂಜಿನ್ ಬಿಡುತ್ತಾರೆ, ಅದು ಅಲ್ಲಿಗೇ ಬಂದು ನಿಲ್ಲುತ್ತದೆ. ಹಿಂದಕ್ಕೆ ತಂದು ಮತ್ತೆ ಬಿಡುತ್ತಾರೆ. ನೋಡಲಾಗುತ್ತಿಲ್ಲ.

ಹೆಬ್ಬಾಳದ ಪಶುವೈದ್ಯ ಕಾಲೇಜಿನ ಲ್ಯಾಬಿನಲ್ಲಿ ದನದ ರಕ್ತ ಪರೀಕ್ಷಿಸುವ ನನಗೆ ಈ ತಂತಿಗಳು ಏನೇನೂ ಅರ್ಥವಾಗುವುದಿಲ್ಲ. ನೀವು ಬದುಕೆಲ್ಲ ರೈಲ್ವೆಯ ಸಿಗ್ನಲ್ ನೋಡಿಕೊಂಡವರು. ಏನು ಮಾಡಬೇಕೆಂದು ಎರಡು ಸಾಲು ಬರೆದರೆ ಉಪಕಾರವಾಗುತ್ತದೆ.

ಇವರು ಕ್ಷೇಮ. ಫ್ಯಾಕ್ಟರಿಗೆ ಸ್ವಲ್ಪ ದಿನ ರಜೆ ಹಾಕಿದ್ದಾರೆ.

ನಿಮ್ಮ ಸೊಸೆ
ನಯನಾ


ಬಾಗಲಕೋಟೆ
23 ಜುಲೈ 2024

ಚಿ. ಸೌ. ನಯನಾಳಿಗೆ ಅಪ್ಪಾಸಾಹೇಬನ ಆಶೀರ್ವಾದ.

ಪತ್ರ ಮುಟ್ಟಿತು. ಹರಿಯಲಿಲ್ಲ.

ವಿಜಯಕುಮಾರ ನನ್ನ ಸಲಹೆ ಕೇಳುವ ಕಾಲ ಬಂತೆಂದರೆ ಸಂತೋಷವೇ. ಆದರೆ ಹೆಂಡತಿಯ ಕೈಯಲ್ಲಿ ಬರೆಸುವುದು ಯಾವ ಪದ್ಧತಿ? ಅವನಿಗೂ ಅಕ್ಷರ ಬರುತ್ತದೆ, ನಾನೇ ಕಲಿಸಿದ್ದು. ಅವನು ಹೈಸ್ಕೂಲಿನಲ್ಲಿದ್ದಾಗ ನಾವಿಬ್ಬರೂ ಕೂತು ಆ ರೈಲಿಗೆ ಸ್ವಿಚ್ಚುಗಳ ಹಲಗೆ ಮಾಡಿದ್ದೆವು. ಒಂದೊಂದು ಸ್ವಿಚ್ಚಿಗೂ ಹಿತ್ತಾಳೆಯ ಪಟ್ಟಿ ಕೊಯ್ದು ಹಾಕಿದ್ದೆ. ಮೂರು ವರ್ಷದ ಹಿಂದೆ ನಾನು ಯಲಹಂಕಕ್ಕೆ ಬಂದಾಗ ಆ ಹಲಗೆ ಇರಲಿಲ್ಲ. ಎಲ್ಲಿ ಎಂದು ಕೇಳಿದರೆ, “ಗುಜರಿಗೆ ಹಾಕಿದೆ ಅಪ್ಪಾ, ಈಗ ಎಲ್ಲಾ ಡಿಜಿಟಲ್” ಎಂದ. ನಾನು ಮರುದಿನವೇ ರೈಲು ಹತ್ತಿದೆ. ಡಿಜಿಟಲ್ ಬಂದಮೇಲೂ ತಂತಿ ಎರಡೇ ಅಲ್ಲವೇ?

ಇರಲಿ. ನೀನು ಕೇಳಿದ್ದಕ್ಕೆ ಉತ್ತರ ಇದು. ಎರಡು ಜಿಲ್ಲೆ ಸೇರುವಲ್ಲಿ ಹಳಿಯನ್ನು ಕತ್ತರಿಸಿರುತ್ತಾನೆ. ಮೀಟರಿನ ಒಂದು ಕಡ್ಡಿಯನ್ನು ಸೀಳಿನ ಈಚೆಗೆ, ಇನ್ನೊಂದನ್ನು ಆಚೆಗೆ, ಒಂದೇ ಬದಿಯ ಹಳಿಗೆ ಮುಟ್ಟಿಸು. ಮೀಟರ್ ಸುಮ್ಮನಿದ್ದರೆ ಸರಿ. ಏರಿದರೆ ಒಂದು ಜಿಲ್ಲೆಗೆ ಬಂದ ಎರಡು ತಂತಿ ಅದಲುಬದಲಾಗಿವೆ ಎಂದರ್ಥ. ಎಂಜಿನ್ನಿನ ಗಾಲಿ ಸೀಳಿನ ಮೇಲೆ ಬಂದಾಗ ಎರಡನ್ನೂ ಕೂಡಿಸಿ ಶಾರ್ಟ್ ಮಾಡುತ್ತದೆ. ಸ್ವಿಚ್ ಆರಿಸಿ, ಒಂದೇ ಜಿಲ್ಲೆಯ ಎರಡು ತಂತಿಯನ್ನು ಬದಲಿಸಿ ಕೂಡಿಸು.

ಮುಂದೆ ಏನಾದರೂ ಕೇಳುವುದಿದ್ದರೆ ಅವನೇ ಬರೆಯಲಿ. ನಾನು ಆ ಗೀಳು ಬಿಟ್ಟು ಬಹಳ ದಿನವಾಯಿತು.

ಅಪ್ಪಾಸಾಹೇಬ


ಯಲಹಂಕ
6 ಆಗಸ್ಟ್ 2024

ಮಾವನವರಿಗೆ ನಮಸ್ಕಾರಗಳು.

ನೀವು ಹೇಳಿದ ಹಾಗೇ ಮಾಡಿದೆವು. ಮೀಟರ್ ಏರಿತು. ತಂತಿ ಅದಲುಬದಲಾಗಿತ್ತು. ನಾನು ಟಾರ್ಚ್ ಹಿಡಿದೆ, ಇವರು ಮೇಜಿನ ಕೆಳಗೆ ಕೂತು ಎಡಗೈಯಲ್ಲಿ ಸ್ಕ್ರೂ ತಿರುಗಿಸಿದರು. ತುಂಬ ಹೊತ್ತು ಹಿಡಿಯಿತು. ಆಮೇಲೆ ಎಂಜಿನ್ ಬಿಟ್ಟರೆ ನಿಲ್ಲದೆ ದಾಟಿ ಹೋಯಿತು. ಇವರು ಹೇಗೆ ನಕ್ಕರೆಂದು ನಿಮಗೆ ತೋರಿಸಬೇಕಿತ್ತು.

ಅವರೇ ಬರೆಯಲಿ ಎಂದಿದ್ದೀರಿ. ಈಗ ಅವರಿಗೆ ಬರೆಯಲು ಬಿಡುವಿಲ್ಲ, ದಯವಿಟ್ಟು ನನಗೇ ಬರೆಯಿರಿ.

ಯಾಕೆಂದರೆ ಇನ್ನೊಂದು ತಾಪತ್ರಯ ಬಂದಿದೆ. ಹಳಿಯನ್ನು ಇವರು ಸಣ್ಣ ಸಣ್ಣ ಬ್ಲಾಕ್ ಮಾಡಿ, ಒಂದೊಂದಕ್ಕೂ ಒಂದು ದೀಪ ಇಟ್ಟಿದ್ದಾರೆ. ಬ್ಲಾಕಿನಲ್ಲಿ ರೈಲಿದ್ದರೆ ಕೆಂಪು, ಖಾಲಿಯಿದ್ದರೆ ಹಸಿರು. ಈಗ ಸುರಂಗದ ಬ್ಲಾಕಿನಲ್ಲಿ ಏನೂ ಇಲ್ಲದಿದ್ದರೂ ಕೆಂಪು. ಇವರು ನನ್ನ ಕೈ ಎಳೆದುಕೊಂಡು ಹೋಗಿ ಆ ದೀಪ ತೋರಿಸುತ್ತಾರೆ. ನಾನು ಲ್ಯಾಬಿಗೆ ಹೊರಡುವಾಗ, ಬಂದು ಚಪ್ಪಲಿ ಬಿಡುವಾಗ, ಊಟದ ನಡುವೆ, ಯಾವಾಗೆಂದರೆ ಆವಾಗ. ರೈಲು ದಾಟಿದರೆ ನೆಮ್ಮದಿಯಾಗುತ್ತದೆ ಎಂದುಕೊಂಡಿದ್ದೆ. ಚಡಪಡಿಕೆ ಇನ್ನೂ ಹೆಚ್ಚಾಗಿದೆ.

ಬ್ಯಾಟರಾಯನಪುರದಿಂದ ನಮ್ಮಮ್ಮ ಬಂದು ಇದ್ದಾರೆ. ಆ ಕೋಣೆ ಬೇರೆ ಕೆಲಸಕ್ಕೆ ಬೇಕು, ದಸರಾದೊಳಗೆ ಮೇಜು ಬಿಚ್ಚಿಸಿಬಿಡು ಎಂದು ಅವರ ಒತ್ತಾಯ. ಅಷ್ಟರೊಳಗೆ ಇದು ಸರಿಹೋದರೆ ಅಮ್ಮನಿಗೆ ನಾನೇನಾದರೂ ಹೇಳಬಹುದು.

ನಯನಾ


ಬಾಗಲಕೋಟೆ
17 ಆಗಸ್ಟ್ 2024

ಚಿ. ಸೌ. ನಯನಾಳಿಗೆ ಆಶೀರ್ವಾದ.

ಅಪ್ಪನಿಗೆ ಒಂದು ಸಾಲು ಬರೆಯಲು ಬಿಡುವಿಲ್ಲ, ರಜೆ ಹಾಕಿ ಆಟದ ರೈಲು ಓಡಿಸಲು ಬಿಡುವಿದೆ. ತಿಳಿಯಿತು.

ಸುರಂಗವನ್ನು ಯಾವುದರಲ್ಲಿ ಮಾಡಿದ್ದಾನೆ? ಪ್ಲಾಸ್ಟರ್ ಇದ್ದರೆ ಮುಟ್ಟಿ ನೋಡು. ಅದು ಗೋಡೆಗೆ ತಾಗಿದ್ದು, ಮಳೆಗೆ ಗೋಡೆ ತೇವ ಕುಡಿದಿದ್ದರೆ ತಪ್ಪು ಆ ದೀಪ ಹೊತ್ತಿಸುವ ಡಿಟೆಕ್ಟರಿನದಲ್ಲ. ಒದ್ದೆಯಾದ ಪ್ಲಾಸ್ಟರಿನ ಮೂಲಕ ಒಂದು ಹಳಿಯಿಂದ ಇನ್ನೊಂದಕ್ಕೆ ಚೂರು ಕರೆಂಟು ಸೋರುತ್ತದೆ. ಅದನ್ನೇ ರೈಲೆಂದು ದೀಪ ತಿಳಿಯುತ್ತದೆ. ಮಳೆಗಾಲದಲ್ಲಿ ಜಲ್ಲಿ ಒದ್ದೆಯಾದಾಗ ನಮಗೂ ಖಾಲಿ ಹಳಿ ಕೆಂಪು ತೋರಿಸುತ್ತಿತ್ತು. ಮಂದಿ ಬಯ್ಯುತ್ತಿದ್ದರು. ಬಯ್ಯಲಿ, ಸುಮ್ಮಸುಮ್ಮನೆ ಕೆಂಪಾದರೆ ರೈಲು ನಿಲ್ಲುತ್ತದೆ, ಯಾರೂ ಸಾಯುವುದಿಲ್ಲ. ಸುರಂಗವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಸರಿಸಿ, ಫ್ಯಾನ್ ಹಾಕಿ ಒಣಗಿಸಿ.

ಕೋಣೆ ಬಿಚ್ಚುವ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ. ನನ್ನ ಹಲಗೆ ಹೋದಾಗ ನನ್ನನ್ನು ಯಾರೂ ಕೇಳಲಿಲ್ಲ.

ಅಪ್ಪಾಸಾಹೇಬ

ನಯನಾ, ನಾನು ಗಂಗಕ್ಕ. ಪೋಸ್ಟಿಗೆ ಹಾಕಲು ಅಪ್ಪ ನನ್ನ ಕೈಗೆ ಕೊಟ್ಟಾಗ ಇಷ್ಟು ಸೇರಿಸಿದ್ದೇನೆ. ಗೀಳು ಬಿಟ್ಟಿದ್ದೇನೆ ಎನ್ನುತ್ತಾನಲ್ಲ, ಹಳೇ ಕ್ಯಾಲೆಂಡರಿನ ಬೆನ್ನಿಗೆಲ್ಲ ನಿಮ್ಮ ಮನೆಯ ಹಳಿ ಬರೆದಿದ್ದಾನೆ. ಅಂಚೆಯವ ಬರುವ ಹೊತ್ತಿಗೆ ಬಾಗಿಲಲ್ಲಿ ಅಡ್ಡಾಡುತ್ತಾನೆ. ವಿಜುಗೆ ಒಂದು ಸಾಲು ಬರೆಯಲು ಹೇಳು.


ಯಲಹಂಕ
29 ಆಗಸ್ಟ್ 2024

ಮಾವನವರಿಗೆ ನಮಸ್ಕಾರಗಳು.

ಪ್ಲಾಸ್ಟರ್ ಒದ್ದೆಯೇ ಆಗಿತ್ತು. ಒಣಗಿಸಿದ ಮೇಲೆ ದೀಪ ಹಸಿರಾಯಿತು. ಆದರೆ ಆ ಹಸಿರೇ ನಮಗೆ ಮುಳುವಾಯಿತು.

ಭಾನುವಾರ ಒಂದು ರೈಲಿನ ಹಿಂದಿನ ಎರಡು ಬೋಗಿ ಕಳಚಿಕೊಂಡು ಸುರಂಗದೊಳಗೆ ಉಳಿದಿದ್ದವು. ನಮಗೆ ಕಾಣಲಿಲ್ಲ. ದೀಪ ನೋಡಿದರೆ ಹಸಿರು. ಇವರು ದೀಪ ನಂಬಿ ಇನ್ನೊಂದು ಎಂಜಿನ್ ಜೋರಾಗಿ ಬಿಟ್ಟರು. ಒಳಗೆ ಡಿಕ್ಕಿಯಾಗಿ ಎಂಜಿನ್ ನೆಲಕ್ಕೆ ಬಿತ್ತು. ಇವರು ಅದನ್ನು ಎತ್ತಿ ಗೋಡೆಗೆ ಎಸೆದರು. ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಕೂತರು. ಅಮ್ಮ ಹೊರಗಿನಿಂದ ಬಡಿದು ಬಡಿದು ಕಡೆಗೆ ನನ್ನ ಮೇಲೆ ತಿರುಗಿದರು. “ಇಂಗೇ ಬುಟ್ರೆ ಇನ್ನೂ ಕೆಡ್ತದೆ ಕಣಮ್ಮ. ಆ ತಂತಿನೆಲ್ಲ ಕಿತ್ತಾಕ್ಸು” ಎಂದರು.

ಬೋಗಿ ಇದ್ದರೂ ದೀಪ ಹಸಿರೇಕೆ? ಬೇಗ ಬರೆಯಿರಿ.

ನಯನಾ


ಬಾಗಲಕೋಟೆ
7 ಸೆಪ್ಟೆಂಬರ್ 2024

ಚಿ. ಸೌ. ನಯನಾಳಿಗೆ ಆಶೀರ್ವಾದ.

ನನಗೆ ಇದೇ ಅಂಜಿಕೆ ಇತ್ತು. ನಿಜವಾದ ರೈಲುಹಳಿಯಲ್ಲಿ ನಾವು ಸದಾ ಕರೆಂಟು ಹರಿಸಿರುತ್ತೇವೆ. ಗಾಲಿ ಬಂದು ಅದನ್ನು ತಡೆದರೆ ಕೆಂಪು. ತಂತಿ ಕಡಿದರೂ ಕೆಂಪು, ಬ್ಯಾಟರಿ ಸತ್ತರೂ ಕೆಂಪು. ನಿಮ್ಮ ಮನೆಯ ಡಿಟೆಕ್ಟರ್ ತಿರುಗುಮುರುಗು. ಯಾರಾದರೂ ಕರೆಂಟು ಎಳೆದರೆ ಮಾತ್ರ ಅದಕ್ಕೆ ಗೊತ್ತಾಗುತ್ತದೆ. ಎಂಜಿನ್ ಎಳೆಯುತ್ತದೆ. ನೀನು ಬೋಗಿ ಎನ್ನುವ ಡಬ್ಬಿ ಸುಮ್ಮನೆ ನಿಂತಾಗ ಏನನ್ನೂ ಎಳೆಯುವುದಿಲ್ಲ, ಹಾಗಾಗಿ ಅದು ಇಲ್ಲವೆಂದೇ ಲೆಕ್ಕ. ಇಂಥ ಹಸಿರನ್ನು ನಂಬಬಾರದು. ಪರಿಹಾರ ಯೋಚಿಸಿ ಬರೆಯುತ್ತೇನೆ.

ಈಗ ನಾನು ಕೇಳುತ್ತೇನೆ, ನೀನು ಹೇಳು. ಆಗಸ್ಟ್ ಆರರ ಪತ್ರದಲ್ಲಿ ಅವನು ಎಡಗೈಯಲ್ಲಿ ಸ್ಕ್ರೂ ತಿರುಗಿಸಿದ ಎಂದು ಬರೆದಿದ್ದೀ. ಆ ಸಾಲನ್ನು ನಾನು ಆಗ ದಾಟಿ ಹೋಗಿದ್ದೆ. ನಿನ್ನೆ ಎಲ್ಲ ಪತ್ರ ತೆಗೆದು ಮತ್ತೆ ಓದಿದೆ. ವಿಜಯಕುಮಾರ ಬಲಗೈಯವನು. ಕೈ ಎಳೆದುಕೊಂಡು ಹೋಗಿ ದೀಪ ತೋರಿಸುತ್ತಾನೆ ಎಂದಿದ್ದೀ. ಕರೆದು ಹೇಳಿದರೆ ಆಗದೇ? ನಿನ್ನ ಮೂರು ಪತ್ರದಲ್ಲಿ ಅವನು ನಕ್ಕಿದ್ದಾನೆ, ಎಸೆದಿದ್ದಾನೆ, ಬಾಗಿಲು ಹಾಕಿಕೊಂಡಿದ್ದಾನೆ. ಒಂದು ಮಾತನ್ನೂ ಆಡಿಲ್ಲ.

ಅವನಿಗೆ ಏನಾಗಿದೆ?

ಅಪ್ಪಾಸಾಹೇಬ


ಬಾಗಲಕೋಟೆ
20 ಸೆಪ್ಟೆಂಬರ್ 2024

ನಯನಾ,

ಉತ್ತರ ಬರಲಿಲ್ಲ. ಗೌರಿ ಹಬ್ಬಕ್ಕೆ ಗಂಗಾ ಫೋನ್ ಮಾಡಿದಾಗ ಅವನು ಸ್ನಾನಕ್ಕೆ ಹೋಗಿದ್ದನಂತೆ. ಯುಗಾದಿಗೆ ಮಾಡಿದಾಗಲೂ ಸ್ನಾನ. ನಾಗರ ಪಂಚಮಿಗೂ ಸ್ನಾನ. ಇಷ್ಟು ಸ್ನಾನ ಅವನು ಹುಟ್ಟಿದ ಮೇಲೆ ಮಾಡಿಲ್ಲ. ಈಗ ನಾನೇ ಫೋನ್ ಮಾಡಿದರೆ ನಿನ್ನದು ಬಂದ್ ಇದೆ.

ಮೂರು ವರ್ಷ ಸುದ್ದಿ ಇಲ್ಲ ಎಂದರೆ ಸುಖವಾಗಿದ್ದಾರೆ ಎಂದುಕೊಂಡು ಕೂತಿದ್ದೆ. ಏನಿದ್ದರೂ ಬರೆ. ಕೂತಲ್ಲಿ ಕೂರಲು ಆಗುತ್ತಿಲ್ಲ.

ಅಪ್ಪಾಸಾಹೇಬ


ಯಲಹಂಕ
3 ಅಕ್ಟೋಬರ್ 2024

ಮಾವ,

ನಿಮ್ಮ ಏಳನೇ ತಾರೀಕಿನ ಪತ್ರ ಬಂದ ದಿನವೇ ಇವರನ್ನು ಆಸ್ಪತ್ರೆಗೆ ಸೇರಿಸಿದ್ದೆವು. ಪತ್ರವನ್ನು ಅಲ್ಲಿಯ ಬೆಂಚಿನ ಮೇಲೆ ಕೂತು ಓದಿದೆ. ಉತ್ತರ ಬರೆಯಲಾಗದೆ ಫೋನನ್ನೂ ಆರಿಸಿಟ್ಟೆ. ನಿನ್ನೆ ಮನೆಗೆ ಕರೆತಂದಿದ್ದೇವೆ.

ಇನ್ನು ಮುಚ್ಚಿಡುವುದಿಲ್ಲ. ಫೆಬ್ರುವರಿಯಲ್ಲಿ ಇವರಿಗೆ ಪಾರ್ಶ್ವವಾಯು ಹೊಡೆಯಿತು. ಯಶವಂತಪುರದ ಫ್ಯಾಕ್ಟರಿಯಲ್ಲಿ ಪಂಪಿನ ನಕ್ಷೆ ಬಿಡಿಸುತ್ತ ಕೂತವರು ಕುರ್ಚಿಯಿಂದ ಜಾರಿದರಂತೆ. ಬಲಗೈ ಏಳುವುದಿಲ್ಲ, ಬಲಗಾಲು ಎಳೆದು ನಡೆಯುತ್ತಾರೆ. ಮಾತು ಹೋಗಿದೆ. ನಾವು ಹೇಳಿದ್ದೆಲ್ಲ ತಿಳಿಯುತ್ತದೆ. ಹೇಳಬೇಕಾದ್ದು ಒಳಗೇ ಇದೆ ಎಂದು ಡಾಕ್ಟರು ಹೇಳುತ್ತಾರೆ. ಆದರೆ ಬಾಯಿ ತೆರೆದರೆ ಬರುವುದು “ಆಯ್ತು” ಒಂದೇ. ನೀರು ಬೇಕಾದರೂ ಆಯ್ತು, ಸಿಟ್ಟು ಬಂದರೂ ಆಯ್ತು. ಸೆಪ್ಟೆಂಬರಿನಲ್ಲಿ ಫಿಟ್ಸ್ ಬಂತು. ಈಗ ಮಾತ್ರೆಯಿಂದ ತಹಬಂದಿಗೆ ಬಂದಿದೆ.

ನಿಮಗೆ ಯಾಕೆ ತಿಳಿಸಲಿಲ್ಲ ಎಂದು ನೀವು ಕೇಳಬಹುದು. ಆಸ್ಪತ್ರೆಯಿಂದ ಬಂದ ಮೊದಲ ವಾರ ಅಪ್ಪನಿಗೆ ಹೇಳೋಣ್ವಾ ಎಂದು ಫೋನ್ ಹಚ್ಚಿ ಇವರ ಕೈಗೆ ಕೊಟ್ಟೆ. ಇವರು ಫೋನನ್ನು ಅಷ್ಟು ದೂರ ತಳ್ಳಿದರು. ಅದರ ಗಾಜು ಒಡೆಯಿತು. ನಿಮಗೆ ತಿಳಿಯುವುದು ಅವರಿಗೆ ಬೇಡ ಎಂದುಕೊಂಡೆ. ಅವರಿಗೆ ಬೇಡವಾದದ್ದನ್ನು ಅವರ ಬೆನ್ನ ಹಿಂದೆ ಹೇಗೆ ಮಾಡಲಿ? ಅದಕ್ಕೇ ತಂತಿಯ ವಿಷಯ ಮಾತ್ರ ಬರೆಯುತ್ತ ಹೋದೆ.

ಅಮ್ಮ ಕೋಣೆ ಬಿಚ್ಚಿಸು ಎನ್ನುವುದು ಅಲ್ಲಿ ವ್ಯಾಯಾಮದ ಮಂಚ ಹಾಕಲು. ಅವರದೂ ತಪ್ಪಿಲ್ಲ. ಆದರೆ ಇವರು ದಿನದಲ್ಲಿ ತಾವಾಗಿ ಎದ್ದು ನಡೆಯುವುದು ಆ ಕೋಣೆಗೆ ಮಾತ್ರ. ನನಗೂ ಬೀದರಿಗೆ ತರಬೇತಿಗೆ ಹೋಗಲೇಬೇಕೆಂದು ಆದೇಶ ಬಂದಿದೆ, ಎರಡು ಸಲ ಮುಂದೂಡಿದ್ದೇನೆ. ರಜೆ ಮುಗಿದಿದೆ. ಯಾವುದನ್ನು ಹಿಡಿಯಲಿ, ಯಾವುದನ್ನು ಬಿಡಲಿ ತಿಳಿಯುತ್ತಿಲ್ಲ.

ನಯನಾ


ಬಾಗಲಕೋಟೆ
9 ಅಕ್ಟೋಬರ್ 2024

ನಯನಾ, ಮಗಳೇ,

ಪತ್ರ ಓದಿ ಗಂಗಾ ಗೊಳೋ ಎಂದಳು. ನಾನು ಹೊರಗೆ ಹೋಗಿ ಬೀದಿಯ ತುದಿಯವರೆಗೆ ನಡೆದು ಬಂದೆ. ಮತ್ತೆ ಹೋದೆ, ಮತ್ತೆ ಬಂದೆ.

ಒಂದು ಮಾತು. ಅವನು ತಳ್ಳಿದ್ದು ಫೋನನ್ನೋ, ಅಪ್ಪನನ್ನೋ? ನಾಲಿಗೆ ಏಳದವನ ಕಿವಿಗೆ ಫೋನ್ ಹಚ್ಚಿ ಕೊಟ್ಟರೆ ಅವನು ಅದರಲ್ಲಿ ಏನು ಮಾತಾಡಬೇಕು? ನಾನಾದರೂ ತಳ್ಳುತ್ತಿದ್ದೆ. ನಿನ್ನನ್ನು ದೂರುತ್ತಿಲ್ಲ. ಮೂರು ತಿಂಗಳು ನಾನೂ ಅವನಿಗೆ ಸೊಕ್ಕು ಎಂದು ತಿಳಿದು ಮೊನಚು ಮಾತು ಬರೆದಿದ್ದೇನೆ. ಅದನ್ನೆಲ್ಲ ಅವನಿಗೆ ಓದಿ ಹೇಳಿದ್ದೆಯೋ ಇಲ್ಲವೋ ಗೊತ್ತಿಲ್ಲ. ಹೇಳಿಲ್ಲ ಎಂದುಕೊಳ್ಳುತ್ತೇನೆ.

ಶನಿವಾರ ಹೊರಟು ಭಾನುವಾರ ಬೆಳಿಗ್ಗೆ ಯಶವಂತಪುರದಲ್ಲಿ ಇಳಿಯುತ್ತೇನೆ. ಬರಲೇ ಎಂದು ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ನಾನು ಬರುವವರೆಗೆ ಆ ಮೇಜಿನ ಒಂದು ಮೊಳೆಯನ್ನೂ ಯಾರೂ ಮುಟ್ಟಬಾರದೆಂದು ನಿಮ್ಮಮ್ಮ ಪಟಾಲಮ್ಮನವರಿಗೆ ಕೈಮುಗಿದು ಹೇಳಿದ್ದೇನೆಂದು ಹೇಳು. ಬೀದರಿಗೆ ಹೋಗುವ ತಯಾರಿ ಮಾಡಿಕೋ.

ಅಪ್ಪಾಸಾಹೇಬ


ಯಲಹಂಕ
24 ನವೆಂಬರ್ 2024

ಚಿ. ಸೌ. ನಯನಾಳಿಗೆ ಆಶೀರ್ವಾದ.

ಬೀದರಿನ ಹಾಸ್ಟೆಲಿಗೆ ಪತ್ರ ಬಂದದ್ದು ನೋಡಿ ಗಾಬರಿಯಾಗಬೇಡ. ಇಲ್ಲಿ ಎಲ್ಲರೂ ಸೌಖ್ಯ. ದಿನಾ ಫೋನ್ ಮಾಡುತ್ತೀ, ನಿಜ. ಆದರೆ ಅವನ ಮುಂದೆ ಅವನ ವಿಷಯ ಫೋನಿನಲ್ಲಿ ಮಾತಾಡಿದರೆ ಅವನಿಗೆ ಹಿಡಿಸುವುದಿಲ್ಲ. ಮುಖ ತಿರುಗಿಸಿ ಕೂರುತ್ತಾನೆ. ಅದಕ್ಕೇ ಈ ಕಾಗದ.

ನಾನು ಬಂದ ದಿನ ನೀನೇ ನೋಡಿದ್ದೀ, ಅವನು ನನ್ನ ಕಡೆ ನೋಡದೆ ರೈಲಿನ ಕೋಣೆಗೆ ಎದ್ದು ಹೋದ. ನೀನು ಹೋದಮೇಲೂ ಕೆಲವು ದಿನ ಹಾಗೇ ನಡೆಯಿತು. ಅವನು ಒಂದು ಮೂಲೆ, ನಾನು ಒಂದು ಮೂಲೆ. ನಿಮ್ಮಮ್ಮ ನಡುವೆ ಚಹಾ ಇಟ್ಟು ಹೋಗುತ್ತಿದ್ದರು. ವ್ಯಾಯಾಮದ ಮಂಚವನ್ನು ಅವರು ಹಜಾರದಲ್ಲೇ ಹಾಕಿಸಿದ್ದಾರೆ. ಈಗ ಟಿವಿ ನೋಡಲು ಅವರಿಗೇ ಜಾಗವಿಲ್ಲ.

ಹೋದ ವಾರ ನಾನು ಧೈರ್ಯ ಮಾಡಿದೆ. ಸುರಂಗದಲ್ಲಿ ನಿಂತ ಡಬ್ಬಿ ದೀಪಕ್ಕೆ ಕಾಣುವುದಿಲ್ಲ ಎಂದು ಬರೆದಿದ್ದೆನಲ್ಲ. ಸುರಂಗವನ್ನೂ ಅದರ ಮುಂದಿನ ಬ್ಲಾಕನ್ನೂ ಒಂದೇ ಮಾಡಿಬಿಟ್ಟರೆ ತಂಟೆಯೇ ಇರುವುದಿಲ್ಲ ಎಂದು ಯೋಚಿಸಿ, ಅವನು ಮಲಗಿದ್ದಾಗ ಸೀಳಿನ ಮೇಲೆ ಒಂದು ತಂತಿ ಬೆಸೆದೆ. ಅವನು ಎದ್ದು ಬಂದು ನೋಡಿದ. ಎಡಗೈಯಿಂದ ಆ ತಂತಿಯನ್ನು ಹಿಡಿದು ಕಿತ್ತು ಬಿಸಾಕಿದ. ನನಗೆ ಸಿಟ್ಟು ನೆತ್ತಿಗೇರಿತು. ಹಲಗೆಯ ದಿನವೇ ಮತ್ತೆ ಕಣ್ಣ ಮುಂದೆ ಬಂತು. ಕಾಯಿಲೆಯ ಮಗ ಎಂಬುದನ್ನೂ ಮರೆತೆ. “ನನ್ನ ಕೈಯಿಂದ ಏನೂ ಆಗಬಾರದಲ್ಲ ನಿನಗ?” ಎಂದು ಕೂಗಿ, ಚೀಲ ಹೆಗಲಿಗೇರಿಸಿ ಹೊರಬಿದ್ದೆ.

ಗೇಟಿನ ಚಿಲಕ ತೆಗೆಯುವಾಗ ಹಿಂದೆ ಕಾಲೆಳೆಯುವ ಸಪ್ಪಳ ಕೇಳಿತು. ಮುಂಬಾಗಿಲಿನ ಮೆಟ್ಟಿಲು ಅವನು ಒಬ್ಬನೇ ಇಳಿದದ್ದು ಅದೇ ಮೊದಲು. ನಿಮ್ಮಮ್ಮ ಬಾಗಿಲಲ್ಲಿ ಬಾಯಿಗೆ ಸೆರಗು ಹಿಡಿದು ನಿಂತಿದ್ದರು. ಅವನ ಕೈಯಲ್ಲಿ ರೈಲಿನ ಒಂದು ಡಬ್ಬಿ ಇತ್ತು. ಅದನ್ನು ಮಗುಚಿ ನನ್ನ ಮುಖದ ಹತ್ತಿರ ಹಿಡಿದ. ಗಾಲಿಯ ಅಚ್ಚನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ತೋರಿಸಿದ. ತುಟಿ ನಡುಗಿತು. ಬಹಳ ಹೊತ್ತು ಹೆಣಗಿದ.

“ಅದಲ್ಲ,” ಎಂದ. “ಇದು.”

ಎರಡೇ ಶಬ್ದ ಮಗಳೇ. ನಾನು ಕೇಳಿದೆ, ನಿಮ್ಮಮ್ಮನೂ ಕೇಳಿದರು.

ಅವನು ಹೇಳಿದ್ದು ಸರಿಯೂ ಆಗಿತ್ತು. ನನ್ನ ತಂತಿಯಿಂದ ಏನೂ ಆಗುತ್ತಿರಲಿಲ್ಲ. ಎಂಜಿನ್ ದೂರ ಹೋದರೆ ಡಬ್ಬಿ ಮತ್ತೆ ಕಾಣೆ. ಡಬ್ಬಿಯ ಅಚ್ಚಿನ ಮೇಲೆಯೇ ಒಂದು ಸಣ್ಣ ರೆಸಿಸ್ಟರ್ ಕೂರಿಸಿದರೆ ಡಬ್ಬಿಯೂ ಚೂರು ಕರೆಂಟು ಎಳೆಯುತ್ತದೆ, ದೀಪಕ್ಕೆ ತಿಳಿಯುತ್ತದೆ. ಅವನು ಅದನ್ನು ಯಾವಾಗ ಯೋಚಿಸಿದ್ದನೋ. ಯಾರಿಗೆ ಹೇಳಬೇಕಿತ್ತು ಪಾಪ.

ಹೆಗಲಿಗಿದ್ದ ಚೀಲ ನೋಡಿ ಅವನು ನನ್ನ ಮುಖ ನೋಡಿದ. ನಾನು, “ಕೊತ್ತಂಬರಿ ತರಾಕ ಹೊಂಟಿದ್ದೆ” ಎಂದೆ. ಅವನು ಅರ್ಧ ಬಾಯಿಯಲ್ಲಿ ನಕ್ಕ. ಹೊರಟೆ ಎಂದಮೇಲೆ ಹೋಗಲೇಬೇಕಲ್ಲ, ಬಟ್ಟೆಬರೆ ತುಂಬಿದ ಚೀಲ ಹೊತ್ತುಕೊಂಡು ಸಂತೆ ಬೀದಿಗೆ ಹೋಗಿ ಒಂದು ಕಟ್ಟು ಕೊತ್ತಂಬರಿ ತಂದೆ. ನಿಮ್ಮಮ್ಮ ಅದನ್ನು ತೆಗೆದುಕೊಂಡು, ಮನೆಯಲ್ಲಿ ಎರಡು ಕಟ್ಟು ಇದೆ ಎಂದರು.

ಆ ದಿನದಿಂದ ಒಟ್ಟಿಗೇ ಕೂರುತ್ತೇವೆ. ರೆಸಿಸ್ಟರ್ ಎಂದರೆ ಎಳ್ಳಿಗಿಂತ ಸಣ್ಣದು. ನನ್ನ ಕಣ್ಣಿಗೆ ಪೊರೆ ಬಂದಿದೆ, ಗಂಗಾಳನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಒಂದು ಡಬ್ಬಿಗೆ ಒಂದು ಹೊತ್ತು ಬೇಕು. ಎಷ್ಟೋ ಉದುರಿ ನೆಲದಲ್ಲಿ ಕಳೆದುಹೋಗಿವೆ. ನಾನು ತಪ್ಪು ಮಾಡಿದಾಗ ಅವನಿಗೆ ತಾಳ್ಮೆ ಇಲ್ಲ, ಮೇಜು ಗುದ್ದುತ್ತಾನೆ. ನನಗೂ ಇಲ್ಲ. ನಿನ್ನೆ ಸಂಜೆ ಎರಡು ಡಬ್ಬಿಯನ್ನು ಸುರಂಗದಲ್ಲಿ ಬಿಟ್ಟು ನೋಡಿದೆವು. ದೀಪ ಕೆಂಪಾಯಿತು. ಅವನು ಅವನ್ನು ಹೊರಗೆ ತೆಗೆದ, ಹಸಿರಾಯಿತು. ಮತ್ತೆ ಇಟ್ಟ. ಊಟಕ್ಕೆ ಕರೆದರೂ ಇಬ್ಬರೂ ಏಳಲಿಲ್ಲ.

ಇದನ್ನು ಕೇಳಿ ನೀನು ಬಹಳ ಆಸೆ ಇಟ್ಟುಕೊಳ್ಳಬೇಡ. ಆ ಎರಡು ಶಬ್ದ ಆದಮೇಲೆ ಮತ್ತೆ ಹೊಸದು ಬಂದಿಲ್ಲ. ಬರಬಹುದು, ಬಾರದೆಯೂ ಇರಬಹುದು ಎಂದು ವ್ಯಾಯಾಮ ಮಾಡಿಸುವ ಹುಡುಗಿ ಐಶ್ವರ್ಯ ಹೇಳಿದಳು. ಅವನು ಮೊದಲಿನ ಹಾಗೇ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಮನೆಯೆಲ್ಲ ಸುತ್ತುತ್ತಾನೆ. ಈಗ ನನ್ನನ್ನೂ ಎಬ್ಬಿಸುತ್ತಾನೆ, ಅಷ್ಟೇ ವ್ಯತ್ಯಾಸ. ತರಬೇತಿ ಅರ್ಧಕ್ಕೆ ಬಿಟ್ಟು ಓಡಿಬರಬೇಡ. ಪೂರ್ತಿ ಮುಗಿಸಿಯೇ ಬಾ.

ಯಲಹಂಕದಲ್ಲಿ ಈ ಚಳಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಎರಡು ಜೊತೆ ಬಟ್ಟೆ ತಂದಿದ್ದೆ, ಸಾಲುತ್ತಿಲ್ಲ. ನನ್ನ ಸ್ವೆಟರ್, ಕಂಬಳಿ, ಪಿಂಚಣಿಯ ಕಾಗದ ಎಲ್ಲವನ್ನೂ ಇಲ್ಲಿಗೇ ಕಳಿಸೆಂದು ಗಂಗಾಳಿಗೆ ಬರೆದಿದ್ದೇನೆ.

ಅಪ್ಪಾಸಾಹೇಬ